ಮೊಬೈಲ್ ಬ್ಯಾಟರಿಯೂ ಹಳೆಯ ಕಟ್ಟಳೆಗಳೂ

ಮೊಬೈಲ್ ಫೋನು ನಮ್ಮ ಮನೆಗಳನ್ನು ಹೊಕ್ಕು ಒಂದು ತಲೆಮಾರು ಕಳೆಯುವಷ್ಟರಲ್ಲಿಯೇ, ಅದರ ಬ್ಯಾಟರಿಯನ್ನು ಚಾರ್ಜ್ ಮಾಡುವ ವಿಷಯದಲ್ಲಿ ಒಂದು ಆಚಾರಸಂಹಿತೆಯೇ ಬೆಳೆದು ನಿಂತಿದೆ. ಹೊಸ ಫೋನನ್ನು ಮೊದಲ ಸಲ ಎಂಟು ಗಂಟೆಗಳ ಕಾಲ ಚಾರ್ಜಿಗೆ ಇಡತಕ್ಕದ್ದು. ಬ್ಯಾಟರಿ ಪೂರ್ತಿ ಇಳಿದು ಫೋನು ತಾನಾಗಿ ಆರಿದ ಮೇಲೆಯೇ ಮತ್ತೆ ತುಂಬತಕ್ಕದ್ದು. ರಾತ್ರಿಯಿಡೀ ಚಾರ್ಜಿಗೆ ಹಾಕಕೂಡದು. ಬೇರೆ ಕಂಪನಿಯ ಚಾರ್ಜರನ್ನು ಮುಟ್ಟಕೂಡದು. ಚಾರ್ಜ್ ಆಗುತ್ತಿರುವಾಗ ಮಾತನಾಡಕೂಡದು. ಅಂಗಡಿಯವರಿಂದ ಗಿರಾಕಿಗೆ, ಅಣ್ಣನಿಂದ ತಂಗಿಗೆ, ವಾಟ್ಸಾಪಿನ ಮೂಲಕ ಊರಿನಿಂದ ಊರಿಗೆ ದಾಟಿ ಬಂದಿರುವ ಈ ವಿಧಿನಿಷೇಧಗಳನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಾಗದು. ಇವುಗಳಲ್ಲಿ ಹಲವು ಒಂದು ಕಾಲದಲ್ಲಿ, ಒಂದು ಜಾತಿಯ ಬ್ಯಾಟರಿಯ ಮಟ್ಟಿಗೆ, ಯಥಾರ್ಥವಾಗಿದ್ದುವು. ಬ್ಯಾಟರಿಯ ಒಳಗಿನ ರಸಾಯನವು ಬದಲಾಯಿತು. ಅದನ್ನು ಸಾಕುವ ಕಟ್ಟಳೆಗಳು ಮಾತ್ರ ಬದಲಾಗಲಿಲ್ಲ.

ಸ್ವೀಡನ್ ದೇಶದ ವಾಲ್ಡೆಮಾರ್ ಯುಂಗ್ನರ್ ಎಂಬವರು 1899ರಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ನಿರ್ಮಿಸಿದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟಾರ್ಚು, ಕ್ಷೌರಯಂತ್ರ, ವಿಡಿಯೋ ಕ್ಯಾಮೆರಾಗಳಿಗೂ ಇಟ್ಟಿಗೆಯಷ್ಟು ದಪ್ಪನಾಗಿದ್ದ ಮೊದಮೊದಲ ಮೊಬೈಲ್ ಫೋನುಗಳಿಗೂ ಶಕ್ತಿಯನ್ನು ಒದಗಿಸಿದುದು ಈ ವಂಶದ ಬ್ಯಾಟರಿಯೇ. ಅದಕ್ಕೊಂದು ವಿಲಕ್ಷಣವಾದ ದೋಷವಿತ್ತು. ಭೂಮಿಯನ್ನು ಸುತ್ತುವ ಉಪಗ್ರಹವು ಪ್ರತಿ ಪರಿಭ್ರಮಣದಲ್ಲಿಯೂ ನೆರಳನ್ನು ಹೊಕ್ಕಾಗ ಬ್ಯಾಟರಿಯಿಂದ ಒಂದೇ ಪ್ರಮಾಣದ ವಿದ್ಯುತ್ತನ್ನು ಸೆಳೆದು, ಬಿಸಿಲಿಗೆ ಬಂದಾಗ ಅಷ್ಟನ್ನೇ ಮತ್ತೆ ತುಂಬಿ, ಹೀಗೆ ನೂರಾರು ಸಲ ಒಂದೇ ಗೆರೆಯನ್ನು ಮುಟ್ಟಿ ಮರಳುತ್ತಿರಲು, ಆ ಗೆರೆಯನ್ನು ದಾಟುತ್ತಲೇ ಬ್ಯಾಟರಿಯ ವೋಲ್ಟೇಜು ಕುಸಿಯುವುದು ಕಂಡುಬಂತು; ಉಳಿದ ಸಾಮರ್ಥ್ಯವನ್ನು ಬ್ಯಾಟರಿಯು ಮರೆತೇಬಿಟ್ಟಿತೋ ಎಂಬಂತಿತ್ತು. ತಂತ್ರಜ್ಞರು ಇದನ್ನು ಮೆಮೊರಿ ಎಫೆಕ್ಟ್ ಎಂದು ಕರೆದರು. ಕ್ಯಾಡ್ಮಿಯಂ ಇರುವ ಕಡೆಯಲ್ಲಿ ಸೂಕ್ಷ್ಮವಾದ ಹರಳುಗಳು ಕೂಡಿ ದೊಡ್ಡವಾಗಿ ಬೆಳೆಯುವುದು ಇಂಥ ಕುಸಿತಕ್ಕೆ ಒಂದು ಕಾರಣವಾಗಿದ್ದು, ಬ್ಯಾಟರಿಯನ್ನು ಆಗಾಗ ಪೂರ್ತಿಯಾಗಿ ಖಾಲಿಮಾಡಿ ಪೂರ್ತಿಯಾಗಿ ತುಂಬಿದರೆ ಆ ಹರಳುಗಳು ಒಡೆದು ಕಳೆದ ಸಾಮರ್ಥ್ಯವು ಬಹುಮಟ್ಟಿಗೆ ಮರಳುತ್ತಿತ್ತು. ನಿಧಾನವಾದ ಚಾರ್ಜರಿನಲ್ಲಿ ಅದು ತುಂಬಲು 14ರಿಂದ 16 ಗಂಟೆಗಳು ಬೇಕಾಗುತ್ತಿದ್ದುವು; ಗೋದಾಮಿನಲ್ಲಿ ಸುಮ್ಮನೆ ಕುಳಿತರೂ ತನ್ನಷ್ಟಕ್ಕೆ ಬರಿದಾಗುವ ಸ್ವಭಾವ ಅದರದಾದುದರಿಂದ, ಹೊಸತನ್ನು ಕೊಂಡವರು ಮೊದಲು ದೀರ್ಘಕಾಲ ಚಾರ್ಜಿಗೆ ಇಡಬೇಕಾದುದು ಅನಿವಾರ್ಯವೂ ಆಗಿತ್ತು. ನಮ್ಮ ಎಂಟು ಗಂಟೆಯ ಕಟ್ಟಳೆಯೂ, ಸೊನ್ನೆಗೆ ಇಳಿಸಿ ನೂರಕ್ಕೆ ಏರಿಸುವ ಕಟ್ಟಳೆಯೂ ಅಲ್ಲಿ ಹುಟ್ಟಿದುವು.

ಇಂದು ನಮ್ಮ ಜೇಬಿನಲ್ಲಿರುವುದು ಬೇರೆಯೇ ಕುಲದ ಬ್ಯಾಟರಿ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮರು ಎಕ್ಸಾನ್ ಕಂಪನಿಯ ಪ್ರಯೋಗಶಾಲೆಯಲ್ಲಿ ಲಿಥಿಯಮ್ಮನ್ನು ಬಳಸಿ ಮರುತುಂಬಬಲ್ಲ ಬ್ಯಾಟರಿಯನ್ನು ರೂಪಿಸಿದರು. ಅದರಲ್ಲಿದ್ದ ಶುದ್ಧ ಲಿಥಿಯಂ ಲೋಹವು ಬೆಂಕಿಯ ಭಯವನ್ನು ತಂದೊಡ್ಡಿತು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡೆನಫ್ ಮತ್ತು ಸಂಗಡಿಗರು ಧನಾಗ್ರಕ್ಕೆ ಲಿಥಿಯಂ ಕೋಬಾಲ್ಟ್ ಆಕ್ಸೈಡು ತಕ್ಕುದೆಂದು ತೋರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಋಣಾಗ್ರದಲ್ಲಿ ಲೋಹದ ಬದಲು ಇಂಗಾಲವನ್ನಿಟ್ಟು ಬೆಂಕಿಯ ಭಯವನ್ನು ಬಹಳವಾಗಿ ತಗ್ಗಿಸಿದರು. 1991ರಲ್ಲಿ ಸೋನಿ ಕಂಪನಿಯು ಅದನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆಗ 97 ವರ್ಷದವರಾಗಿದ್ದ ಗುಡೆನಫ್‌ರಿಗಿಂತ ಹೆಚ್ಚಿನ ವಯಸ್ಸಿನಲ್ಲಿ ಆ ಗೌರವವನ್ನು ಅದುವರೆಗೆ ಯಾರೂ ಪಡೆದಿರಲಿಲ್ಲ.

ಈ ಬ್ಯಾಟರಿಯ ಕಾರ್ಯವಿಧಾನವು ನಿಜಕ್ಕೂ ಮನೋಹರವಾದುದು. ಋಣಾಗ್ರದಲ್ಲಿರುವ ಗ್ರಾಫೈಟು, ಕವಳಿಗೆ ಕಟ್ಟಿದ ವೀಳ್ಯದೆಲೆಗಳ ಹಾಗೆ, ಪದರದ ಮೇಲೆ ಪದರವಾಗಿ ಜೋಡಿಕೊಂಡಿರುವ ಇಂಗಾಲ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಕೋಬಾಲ್ಟ್ ಆಕ್ಸೈಡನ್ನು ತೊರೆದು, ನಡುವಣ ದ್ರವವನ್ನು ದಾಟಿ, ಈ ಪದರಗಳ ನಡುವೆ ನುಸುಳಿ ನೆಲಸುತ್ತವೆ. ಫೋನನ್ನು ಬಳಸುವಾಗ ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಕ್ಯಾಡ್ಮಿಯಮ್ಮಿನಲ್ಲಿ ಆಗುತ್ತಿದ್ದಂತೆ ಒಂದು ಪದಾರ್ಥವು ಅಳಿದು ಮತ್ತೊಂದು ಪದಾರ್ಥದ ಹರಳು ಕಟ್ಟುವ ವ್ಯಾಪಾರ ಇಲ್ಲಿಲ್ಲ. ಆದುದರಿಂದ ಹಳೆಯ ಮೆಮೊರಿ ದೋಷವೂ ಫೋನಿನ ಬ್ಯಾಟರಿಯಲ್ಲಿ ಗಣನೆಗೆ ಬರುವಂಥದಲ್ಲ. ಮೊದಲ ಚಾರ್ಜಿನ ಮಹತ್ವದ ಮಾತಿನಲ್ಲಿ ಒಂದು ಅಂಶ ಇಂದಿಗೂ ಸತ್ಯವೇ: ಮೊಟ್ಟಮೊದಲು ತುಂಬುವಾಗ ಗ್ರಾಫೈಟಿನ ಮೈಮೇಲೆ ಅತಿ ತೆಳುವಾದ ಒಂದು ರಕ್ಷಕ ಪೊರೆ ಕಟ್ಟಿಕೊಳ್ಳುತ್ತದೆ, ಬ್ಯಾಟರಿಯ ಆಯುಸ್ಸು ಅದು ಎಷ್ಟು ಸಮವಾಗಿ ಕಟ್ಟಿತೆಂಬುದನ್ನು ಅವಲಂಬಿಸಿದೆ. ಆದರೆ ಆ ಸಂಸ್ಕಾರವು ಕಾರ್ಖಾನೆಯಲ್ಲಿಯೇ, ಬಹು ನಿಧಾನವಾಗಿ, ಜಾಗರೂಕತೆಯಿಂದ ನಡೆದುಹೋಗಿರುತ್ತದೆ. ಪೆಟ್ಟಿಗೆಯಿಂದ ತೆಗೆದ ಫೋನನ್ನು ಆ ಕ್ಷಣದಿಂದಲೇ ಬಳಸಬಹುದು.

ಸೊನ್ನೆಗೆ ಇಳಿಸುವ ಕಟ್ಟಳೆಯಾದರೋ ಇಂದು ನಿರುಪಯುಕ್ತವಷ್ಟೇ ಅಲ್ಲ, ಹಾನಿಕರವೂ ಹೌದು. ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟು, ಈಚಿನ ಕೆಲವು ಮಾದರಿಗಳಲ್ಲಿ ಅದಕ್ಕೂ ತುಸು ಹೆಚ್ಚು ಇರುವ ಲಿಥಿಯಂ ಕೋಶವು (ಸೆಲ್), ಸುಮಾರು 3 ವೋಲ್ಟಿಗೆ ಇಳಿದಾಗ ಫೋನು ತಾನಾಗಿ ಆರುತ್ತದೆ. ತಿಂಗಳುಗಟ್ಟಲೆ ಅದನ್ನು ಹಾಗೆಯೇ ಬಿಟ್ಟು ವೋಲ್ಟೇಜು ಇನ್ನೂ ಬಹಳ ಕೆಳಗಿಳಿಯಿತೆಂದರೆ, ಒಳಗಿನ ತಾಮ್ರದ ಹಾಳೆಯೇ ದ್ರವದಲ್ಲಿ ಕರಗತೊಡಗಿ, ಬ್ಯಾಟರಿಯು ಮತ್ತೆಂದೂ ಚೇತರಿಸಿಕೊಳ್ಳದ ಸ್ಥಿತಿಗೆ ಬರುತ್ತದೆ. ಹಳೆಯ ಫೋನನ್ನು ಕಪಾಟಿನಲ್ಲಿ ಎತ್ತಿಡುವವರು ಅರ್ಧದಷ್ಟು ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ ಇಡಬೇಕೆಂದು ತಯಾರಕರು ಹೇಳುವುದು ಇದಕ್ಕಾಗಿಯೇ. ಪದೇ ಪದೇ ಚಾರ್ಜಿಗೆ ಹಾಕಿದರೆ ಆಯುಸ್ಸು ಮುಗಿಯುವುದೆಂಬ ಅಂಜಿಕೆಗೂ ಆಧಾರವಿಲ್ಲ. ಬ್ಯಾಟರಿಯ ಆಯುಸ್ಸನ್ನು ಎಣಿಸುವ ಆವರ್ತವೆಂದರೆ ಪ್ಲಗ್ಗನ್ನು ಚುಚ್ಚಿದ ಲೆಕ್ಕವಲ್ಲ; ಇಂದು ಶೇಕಡಾ 50ರಷ್ಟು ಖರ್ಚುಮಾಡಿ ತುಂಬಿ, ನಾಳೆ ಮತ್ತೆ ಶೇಕಡಾ 50ರಷ್ಟು ಖರ್ಚುಮಾಡಿ ತುಂಬಿದರೆ, ಎರಡೂ ಸೇರಿ ಒಂದು ಆವರ್ತ. ಆ್ಯಪಲ್ ಕಂಪನಿಯು ತನ್ನ ಹಳೆಯ ಮಾದರಿಗಳಿಗೆ 500, ಐಫೋನ್ 15ರಿಂದ ಈಚೆಗೆ 1,000 ಆವರ್ತಗಳ ಅನಂತರ ಶೇಕಡಾ 80ರಷ್ಟು ಸಾಮರ್ಥ್ಯ ಉಳಿಯುವಂತೆ ಬ್ಯಾಟರಿಯನ್ನು ರೂಪಿಸಿರುವುದಾಗಿ ಹೇಳುತ್ತದೆ. ಪರದೆಯ ಮೇಲೆ ತೋರುವ ಶೇಕಡಾ ಅಂಕಿಯು ಮಾತ್ರ ಒಂದು ಅಂದಾಜು. ಆ ಅಂದಾಜು ಕಾಲಕ್ರಮದಲ್ಲಿ ದಾರಿತಪ್ಪಿ, ಶೇಕಡಾ 20 ಎಂದು ತೋರುತ್ತಿದ್ದ ಫೋನು ಹಠಾತ್ತಾಗಿ ಆರುವುದುಂಟು. ಎಂದೋ ಒಮ್ಮೆ ಪೂರ್ತಿ ಇಳಿಸಿ ಪೂರ್ತಿ ಏರಿಸಿದರೆ ಲೆಕ್ಕವು ಸರಿಹೋಗುವ ಸಂಭವವಿದೆ. ಪ್ರಯೋಜನವಾದುದು ಲೆಕ್ಕಕ್ಕೆ, ಬ್ಯಾಟರಿಗಲ್ಲ.

ರಾತ್ರಿಯಿಡೀ ಚಾರ್ಜಿಗೆ ಇಟ್ಟರೆ ಅಳತೆ ಮೀರಿ ತುಂಬಿ ಬ್ಯಾಟರಿ ಒಡೆಯುವುದೆಂಬ ಭಯವು ವ್ಯಾಪಕವಾದುದು. ಸುಸ್ಥಿತಿಯಲ್ಲಿರುವ ಫೋನಿನಲ್ಲಿ ಹಾಗಾಗದು. ಮೊದಲು ಸ್ಥಿರವಾದ ಪ್ರವಾಹದಿಂದ ಬೇಗಬೇಗನೆ ತುಂಬಿಸಿ, ವೋಲ್ಟೇಜು ಮೇಲಿನ ಗಡಿಯನ್ನು ಮುಟ್ಟಿದೊಡನೆ ಪ್ರವಾಹವನ್ನು ಕ್ರಮಕ್ರಮವಾಗಿ ಇಳಿಸುತ್ತ ಬಂದು, ಕೊನೆಗೆ ನಿಲ್ಲಿಸಿಬಿಡುವ ನಿಯಂತ್ರಣವು ಫೋನಿನ ಒಳಗೇ ಇದೆ. ಕೊನೆಯ ಐದನೆಯ ಒಂದು ಭಾಗವು ಅಷ್ಟು ಮಂದಗತಿಯಲ್ಲಿ ತುಂಬುವುದಕ್ಕೆ ಕಾರಣವೂ ಇದೇ. ಆದರೂ ಈ ಮಾತಿನಲ್ಲಿ ಒಂದು ಅಂಶ ಉಳಿಯುತ್ತದೆ. ತುಂಬಿದ ಬ್ಯಾಟರಿಯು ಅತ್ಯುಚ್ಚ ವೋಲ್ಟೇಜಿನಲ್ಲಿ ಬಹುಕಾಲ ನಿಂತಷ್ಟೂ ಒಳಗಿನ ದ್ರವವು ವಿಕಾರಗೊಳ್ಳುವ ವೇಗ ಹೆಚ್ಚುತ್ತದೆ. ಆ್ಯಪಲ್ ಕಂಪನಿಯು 2019ರಿಂದ, ಬಳಸುವವರು ಏಳುವ ಹೊತ್ತನ್ನು ಗ್ರಹಿಸಿ ಅಲ್ಲಿಯವರೆಗೆ ಶೇಕಡಾ 80ರಲ್ಲಿಯೇ ತಡೆಹಿಡಿಯುವ ಏರ್ಪಾಡನ್ನು ಫೋನಿನಲ್ಲಿ ಅಳವಡಿಸಿತು. ಈಗ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿಯೂ ಇಂಥ ಏರ್ಪಾಡುಗಳುಂಟು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹುಡುಕಿ ಚಾಲೂ ಮಾಡಿಕೊಂಡವರು, ರಾತ್ರಿ ಎದ್ದು ಪ್ಲಗ್ಗನ್ನು ಕೀಳುವ ಶ್ರಮವನ್ನು ತೊರೆಯಬಹುದು.

ಇಷ್ಟೆಲ್ಲ ಕಟ್ಟಳೆಗಳ ಸಂದಣಿಯಲ್ಲಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು ಜನರ ಕಿವಿಗೆ ಬೀಳದೆ ಹೋಗಿರುವುದು ನನಗೆ ಬಹಳ ಖೇದವನ್ನುಂಟುಮಾಡುವ ಸಂಗತಿ. ಬ್ಯಾಟರಿಯ ಪರಮ ವೈರಿಯು ಶಾಖ. ಹಿಂದೆ ಹೇಳಿದ ರಕ್ಷಕ ಪೊರೆಯು ಕಾಲ ಕಳೆದಂತೆ ದಪ್ಪವಾಗುತ್ತ, ಪ್ರತಿಯೊಂದು ಪದರಕ್ಕೂ ಒಂದಿಷ್ಟು ಲಿಥಿಯಮ್ಮನ್ನು ಶಾಶ್ವತವಾಗಿ ಕಬಳಿಸುತ್ತ ಹೋಗುತ್ತದೆ. ಶಾಖವು ಹೆಚ್ಚಿದಂತೆ ಆ ಕಬಳಿಕೆಯೂ ಹೆಚ್ಚುತ್ತದೆ. ಬ್ಯಾಟರಿ ತಂತ್ರಜ್ಞರು ಸಾಮಾನ್ಯವಾಗಿ ಉದಾಹರಿಸುವ ಒಂದು ಪಟ್ಟಿಯಂತೆ, ಶೇಕಡಾ 40ರಷ್ಟು ತುಂಬಿದ ಬ್ಯಾಟರಿಯನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೆ ಶೇಕಡಾ 96ರಷ್ಟು ಸಾಮರ್ಥ್ಯ ಉಳಿಯುತ್ತದೆ. ಪೂರ್ತಿ ತುಂಬಿದುದನ್ನು 40 ಡಿಗ್ರಿಯಲ್ಲಿ ಇಟ್ಟರೆ ಉಳಿಯುವುದು ಶೇಕಡಾ 65 ಮಾತ್ರ. ಕೋಶದ ತಯಾರಿಕೆಯನ್ನು ಅನುಸರಿಸಿ ಅಂಕಿಗಳು ಹೆಚ್ಚುಕಡಿಮೆಯಾದರೂ ಅಂತರದ ದಿಕ್ಕು ಬದಲಾಗದು. ಐಫೋನನ್ನು 35 ಡಿಗ್ರಿಯ ಒಳಗೆ ಬಳಸಬೇಕೆಂದು ಅದರ ತಯಾರಕರ ಸೂಚನೆ. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ಮಧ್ಯಾಹ್ನದ ಗಾಳಿಯೇ 40 ಡಿಗ್ರಿಯನ್ನು ದಾಟುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲಿನ ಶಾಖವಂತೂ ಅದಕ್ಕಿಂತ ಎಷ್ಟೋ ಹೆಚ್ಚು. ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುವ ಡೆಲಿವರಿ ಹುಡುಗರ ಫೋನನ್ನು ನೆನೆಯಿರಿ: ಬೈಕಿನ ಹ್ಯಾಂಡಲಿಗೆ ಬಿಗಿದು, ನೆತ್ತಿಯ ಬಿಸಿಲಿಗೆ ಒಡ್ಡಿ, ಪರದೆಯನ್ನು ಪೂರ್ಣ ಪ್ರಕಾಶದಲ್ಲಿಟ್ಟು, ದಾರಿ ತೋರಿಸುವ ಮ್ಯಾಪು ನಿರಂತರವಾಗಿ ನಡೆಯುತ್ತಿರಲು, ಪವರ್ ಬ್ಯಾಂಕಿನಿಂದ ಚಾರ್ಜನ್ನೂ ಏರಿಸುತ್ತಿರುವ ಆ ಫೋನಿನ ಬ್ಯಾಟರಿಯು ಬೇಗನೆ ಸೋತುಹೋದರೆ ಅದು ಬಳಸಿದವರ ತಪ್ಪಲ್ಲ, ದುಡಿಮೆಯ ಸ್ವರೂಪವೇ ಹಾಗಿದೆ. ಅವರಿಗೆ ಹೇಳಬಹುದಾದುದಿಷ್ಟೇ: ಪವರ್ ಬ್ಯಾಂಕನ್ನು ಓಡುತ್ತಿರುವಾಗ ಬೇಡ, ನೆರಳಿನಲ್ಲಿ ಕಾಯುತ್ತಿರುವಾಗ ಜೋಡಿಸಿ, ದಪ್ಪನೆಯ ಕವರನ್ನು ಆ ಹೊತ್ತಿನ ಮಟ್ಟಿಗೆ ಕಳಚಿ. ಬಿಸಿಯಾದ ಫೋನನ್ನು ಫ್ರಿಜ್ಜಿನೊಳಗೆ ಇಟ್ಟು ತಣಿಸುವ ಉಪಾಯವನ್ನು ಯಾರೂ ಅನುಸರಿಸಬಾರದು. ಒಳಗೆ ನೀರಿನ ಹನಿ ಕಟ್ಟಿ ಮಂಡಲಗಳೇ ಕೆಡುತ್ತವೆ.

ಇನ್ನು ಚಾರ್ಜರಿನ ವಿಚಾರ. ನಾವು ಚಾರ್ಜರೆಂದು ಕರೆಯುವ ವಸ್ತುವು ಗೋಡೆಯ 230 ವೋಲ್ಟನ್ನು ಫೋನಿಗೆ ಸಲ್ಲುವ ಅಲ್ಪ ವೋಲ್ಟಿಗೆ ಇಳಿಸುತ್ತದೆ. ಎಷ್ಟು ಪ್ರವಾಹ ಬೇಕೆಂಬುದನ್ನು ನಿರ್ಣಯಿಸುವುದು ಫೋನು. ವೇಗದ ಚಾರ್ಜರು ಮೊದಲು 5 ವೋಲ್ಟನ್ನಷ್ಟೇ ಕೊಟ್ಟು, ಫೋನು ಒಪ್ಪಿದ ಮೇಲೆಯೇ ಹೆಚ್ಚಿಸುವುದು. ಆದುದರಿಂದ ಹೆಚ್ಚು ವಾಟಿನ ಚಾರ್ಜರು ಸಣ್ಣ ಫೋನನ್ನು ಸುಡುವುದೆಂಬುದೂ, ಬೇರೆ ಕಂಪನಿಯದು ವಿಷವೆಂಬುದೂ ಸರಿಯಲ್ಲ. ಭಯಪಡಬೇಕಾದುದು ಹೆಸರಿಲ್ಲದ, ಅತ್ಯಲ್ಪ ಬೆಲೆಯ, ನಕಲಿ ಚಾರ್ಜರಿಗೆ. ಅದರೊಳಗೆ 230 ವೋಲ್ಟಿನ ಭಾಗಕ್ಕೂ ನಮ್ಮ ಕೈ ತಾಗುವ ಭಾಗಕ್ಕೂ ನಡುವೆ ಇರಬೇಕಾದ ಪ್ರತ್ಯೇಕತೆಯೇ ಇರದೆ, ಆಘಾತವು ನೇರವಾಗಿ ಮನುಷ್ಯನಿಗೆ ತಟ್ಟಬಹುದು. ನಮ್ಮ ದೇಶದಲ್ಲಿ ಮೊಬೈಲ್ ಅಡಾಪ್ಟರುಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯ. ಕೊಳ್ಳುವಾಗ ಆ ಗುರುತನ್ನು ನೋಡಿಕೊಳ್ಳಬೇಕು.

ಚಾರ್ಜ್ ಆಗುತ್ತಿರುವಾಗ ಮಾತನಾಡಿದರೆ ಫೋನು ಸಿಡಿಯುವುದೆಂಬುದು, ಒಳ್ಳೆಯ ಚಾರ್ಜರಿನ ಮಟ್ಟಿಗೆ, ಶಾಖದ ಪ್ರಶ್ನೆಯೇ ಹೊರತು ಸ್ಫೋಟದ ಪ್ರಶ್ನೆಯಲ್ಲ. 2016ರಲ್ಲಿ ಬೆಂಕಿ ಹೊತ್ತಿದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳಲ್ಲಿ ಕಂಪನಿಯೇ ನಡೆಸಿದ ತನಿಖೆಯು ಕಂಡುದು ಕೋಶಗಳ ರಚನೆ ಮತ್ತು ತಯಾರಿಕೆಯ ದೋಷಗಳನ್ನು, ಬಳಸಿದವರ ಅಭ್ಯಾಸಗಳನ್ನಲ್ಲ. ಬ್ಯಾಟರಿ ಕೊನೆಯ ಗೆರೆಗೆ ಇಳಿದಾಗ ಕರೆ ಸ್ವೀಕರಿಸಿದರೆ ವಿಕಿರಣವು ಸಾವಿರ ಪಟ್ಟು ಹೆಚ್ಚುವುದೆಂಬ ವಾಟ್ಸಾಪ್ ಸಂದೇಶವೂ ನಿರಾಧಾರ. ಫೋನಿನ ರೇಡಿಯೋ ಶಕ್ತಿಯು ಟವರಿನ ಸಂಕೇತದ ಬಲವನ್ನು ಅನುಸರಿಸಿ ಏರಿಳಿಯುತ್ತದೆ, ಬ್ಯಾಟರಿಯ ಮಟ್ಟವನ್ನು ಅನುಸರಿಸಿ ಅಲ್ಲ.

ನಿಜವಾಗಿ ಅಂಜಬೇಕಾದ ಲಕ್ಷಣ ಒಂದಿದೆ, ಅದು ಉಬ್ಬು. ಫೋನಿನ ಹಿಂಬದಿ ಎದ್ದಿದ್ದರೆ, ಪರದೆಯು ಚೌಕಟ್ಟನ್ನು ಬಿಟ್ಟು ಮೇಲೆ ಬಂದಿದ್ದರೆ, ಒಳಗಿನ ದ್ರವವು ವಿಭಜನೆಗೊಂಡು ಅನಿಲವಾಗಿದೆಯೆಂದು ತಿಳಿಯತಕ್ಕದ್ದು. ಅಂಥ ಫೋನನ್ನು ಆ ಕ್ಷಣದಿಂದ ಚಾರ್ಜಿಗೆ ಹಾಕಬೇಡಿ, ಸ್ವಿಚ್ ಆಫ್ ಮಾಡಿಬಿಡಿ. ಉಬ್ಬನ್ನು ಒತ್ತಬೇಡಿ, ಸೂಜಿಯಿಂದ ಚುಚ್ಚಬೇಡಿ, ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಬ್ಯಾಟರಿಯನ್ನು ಬದಲಾಯಿಸಿಕೊಳ್ಳಿ, ಹಳೆಯದನ್ನು ಮನೆಯ ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು. ಹಾಗೆ ಹಿಂದಕ್ಕೆ ಪಡೆಯಿರೆಂದು ಅವರನ್ನು ಕೇಳುವ ಅಧಿಕಾರ ನಿಮಗುಂಟು, ದಯವಿಟ್ಟು ಕೇಳಿ.