ಹೆಲ್ಮೆಟ್ಟಿನೊಳಗಿನ ಚಾಳೀಸು

ಕನ್ನಡಕಕ್ಕೆ ನಮ್ಮ ಬೆಳಗಾವಿಯ ಕಡೆ ಚಾಳೀಸು ಎನ್ನುವುದುಂಟು. ನಾಲ್ವತ್ತರ ಪ್ರಾಯದವರಿಗೆ ಬರುವ ವಸ್ತುವೆಂಬ ಅರ್ಥ ಆ ಹೆಸರಿನಲ್ಲಿಯೇ ಇದೆ. ಈಗಲಾದರೋ ಇಪ್ಪತ್ತು ತುಂಬದವರ ಮೂಗಿನ ಮೇಲೂ ಅದು ಕುಳಿತಿದೆ. ಖಾನಾಪುರದಿಂದ ಮೋಟಾರು ಸೈಕಲ್ಲಿನ ಮೇಲೆ ಕಾಲೇಜಿಗೆ ಬರುವ ನನ್ನಂಥವರಿಗೆ ಅದೂ, ಮುಖವನ್ನು ಪೂರ್ತಿ ಮುಚ್ಚುವ ಹೆಲ್ಮೆಟ್ಟೂ ಒಂದೇ ತಲೆಯಲ್ಲಿ ಹೊಂದಿಕೊಳ್ಳಬೇಕು.

ಹೆಲ್ಮೆಟ್ಟು ಮೊದಲು, ಚಾಳೀಸು ಆಮೇಲೆ. ಮುಂದಿನ ಗಾಜನ್ನು ಮೇಲೆತ್ತಿ ಕಡ್ಡಿಗಳನ್ನು ಕಿವಿಯ ಮೇಲೆ ನೇರವಾಗಿ ಸರಿಸಬೇಕು. ತೆಗೆಯುವಾಗ ಚಾಳೀಸೇ ಮೊದಲು; ಅಪಘಾತದಲ್ಲಿ ಬಿದ್ದವನ ಹೆಲ್ಮೆಟ್ಟನ್ನು ತೆಗೆಯಲೇಬೇಕಾಗಿ ಬಂದಾಗಲೂ ಇದೇ ಕ್ರಮ. ತೆಳುವಾದ ನೇರ ಕಡ್ಡಿ ಸುಲಭವಾಗಿ ಒಳಹೋಗುತ್ತದೆ, ಬಾಗಿದ್ದು ಮೆತ್ತೆಗೆ ಸಿಕ್ಕಿಕೊಳ್ಳುತ್ತದೆ. ಕಣತಲೆ ನೋಯುವುದೆಂದು ಕೆಲವರು ಒಳಗಿನ ಥರ್ಮೋಕೋಲನ್ನೇ ಕೊರೆಯುತ್ತಾರೆ. ಇದು ಶುದ್ಧ ಅವಿವೇಕವೆಂದೇ ನನ್ನ ಅಭಿಪ್ರಾಯ. ಏಕೆಂದರೆ, ಬಿದ್ದಾಗ ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗುವುದು ಆ ಪದರವೇ. ಕಡ್ಡಿಗೆ ಮೆತ್ತೆಯಲ್ಲಿಯೇ ಸಂದು ಬಿಟ್ಟ, ಐ.ಎಸ್. 4151 ಗುರುತಿನ ಹೆಲ್ಮೆಟ್ಟನ್ನು ಚಾಳೀಸು ಹಾಕಿ ನೋಡಿಯೇ ಕೊಳ್ಳಬೇಕು.

ಉಳಿದದ್ದು ಮಂಜು. ಮಳೆಗಾಲದಲ್ಲಿ ಬೆಚ್ಚನೆಯ ಉಸಿರಿನ ಆವಿ ತಣ್ಣನೆಯ ಗಾಜಿಗೆ ತಗಲಿ ಸಣ್ಣ ಹನಿಗಳಾಗುತ್ತದೆ. ಗಾಡಿ ಓಡುತ್ತಿರುವಾಗ ಗಾಳಿ ಅದನ್ನು ಒಯ್ಯುತ್ತದೆ. ಮಚ್ಛೆ, ಪೀರನವಾಡಿಗಳ ಸಂದಣಿಯಲ್ಲಿ ನಿಂತೊಡನೆ ಎದುರಿನ ಬಸ್ಸೇ ಮಾಯ! ಗದ್ದದ ಬಳಿಯ ಗಾಳಿಕಿಂಡಿಯನ್ನು ತೆರೆದಿಟ್ಟು, ಮುಂದಿನ ಗಾಜನ್ನು ಒಂದು ಬೆರಳಿನಷ್ಟು ಎತ್ತಿದರೆ ದಾರಿ ಕಾಣುತ್ತದೆ. ನಾಲ್ಕು ಮಳೆಹನಿ ಮುಖಕ್ಕೆ ಬೀಳುತ್ತವೆ, ಬೀಳಲಿ.