ವಿದ್ಯಾರ್ಥಿಯು ಎಂಜಿನಿಯರಾಗುವುದು ಯಾವಾಗ?

2010ನೆಯ ಇಸವಿ ಜುಲೈ 12ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಪಿ.ಎಸ್.ಎಲ್.ವಿ.–ಸಿ15 ರಾಕೆಟ್ಟಿನಲ್ಲಿ, ಕಾರ್ಟೊಸ್ಯಾಟ್–2ಬಿ ಎಂಬ ದೊಡ್ಡ ಉಪಗ್ರಹದೊಡನೆ, ಒಂದು ಕಿಲೋಗ್ರಾಮಿಗೂ ಕಡಮೆ ತೂಕದ ಪುಟ್ಟ ಪೆಟ್ಟಿಗೆಯೊಂದು ಇದ್ದಿತು. ಅದರ ಹೆಸರು ಸ್ಟಡ್‌ಸ್ಯಾಟ್. ಅದನ್ನು ಕಟ್ಟಿದವರು ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಓದುವ ಹುಡುಗರು ಉಪಗ್ರಹವನ್ನು ಕಟ್ಟಿದರೆಂಬುದು ಸೋಜಿಗವೇ ಸರಿ. ಆದರೆ ಇಂಥ ಕೆಲಸದ ನಡುವೆ ಅವರು ಎಂಜಿನಿಯರುಗಳಾಗಿ ಮಾರ್ಪಡುವ ಬಗೆ ಅದಕ್ಕಿಂತಲೂ ಕುತೂಹಲಕರವಾದುದು.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ಭೂಮಿಯ ವಾತಾವರಣದ ಹೊರಗೆ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿನ ಮೇಲೆ ಸುಮಾರು 1361 ವಾಟ್ ಶಕ್ತಿ ಬೀಳುವುದು. ಹತ್ತು ಸೆಂಟಿಮೀಟರ್ ಚೌಕದ ಮುಖಕ್ಕೆ ದೊರೆಯುವುದು ಅದರ ನೂರರಲ್ಲೊಂದು ಪಾಲು, ಎಂದರೆ ಹದಿಮೂರೂವರೆ ವಾಟ್. ಉತ್ತಮವಾದ ಸೌರಕೋಶವೂ ಇದರಲ್ಲಿ ನೂರಕ್ಕೆ ಮೂವತ್ತರಷ್ಟನ್ನು ಮಾತ್ರವೇ ವಿದ್ಯುತ್ತಾಗಿಸಬಲ್ಲುದು. ಹೀಗೆ ಕೈಗೆ ಬರುವುದು ನಾಲ್ಕು ವಾಟ್. ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವ ಉಪಗ್ರಹವು ಸುತ್ತಿನ ಮೂರರಲ್ಲೊಂದು ಭಾಗವನ್ನು ಕತ್ತಲೆಯಲ್ಲಿ ಕಳೆಯುವುದಾದರೆ, ಈ ನಾಲ್ಕರಲ್ಲಿಯೂ ಒಂದಂಶವನ್ನು ಬ್ಯಾಟರಿಯಲ್ಲಿ ಕೂಡಿಡಬೇಕು. ಮನೆಯ ಸಾಧಾರಣ ಎಲ್.ಇ.ಡಿ. ದೀಪಕ್ಕೂ ಸಾಲದ ಇಷ್ಟು ಶಕ್ತಿಯಿಂದ ಕ್ಯಾಮೆರಾ, ರೇಡಿಯೊ, ಗಣಕ ಎಲ್ಲವೂ ನಡೆಯಬೇಕು!

ಜಗಳ ಮೊದಲಾಗುವುದು ಇಲ್ಲಿಯೇ. ಕ್ಯಾಮೆರಾದವರಿಗೆ ಇನ್ನೂ ಅರ್ಧ ವಾಟ್ ಬೇಕು. ಕೊಟ್ಟರೆ ರೇಡಿಯೊ ಮೌನ ತಾಳಬೇಕು. ದೊಡ್ಡ ಬ್ಯಾಟರಿಯನ್ನು ಇಡೋಣವೆಂದರೆ ಚೌಕಟ್ಟಿನ ಹೊಣೆ ಹೊತ್ತವರು ತಕ್ಕಡಿಯನ್ನು ತೋರಿಸುವರು. ಪಠ್ಯಪುಸ್ತಕದ ಲೆಕ್ಕಕ್ಕೆ ಕೊನೆಯ ಪುಟದಲ್ಲಿ ಉತ್ತರವುಂಟು. ಈ ಪ್ರಶ್ನೆಗೆ ಎಲ್ಲಿಯೂ ಇಲ್ಲ. ಎಲೆಕ್ಟ್ರಾನಿಕ್ಸ್ ಓದುವೆನೆಂದು ಬಂದವರು "ಇದು ಆಗದು" ಎಂದು ಕಾರಣಸಹಿತವಾಗಿ ಹೇಳಲು ಕಲಿಯುವರು. ಇನ್ನೊಬ್ಬರು ಆಗದೆಂದಾಗ ಅವರ ಲೆಕ್ಕವನ್ನು ನೋಡಿ ಒಪ್ಪಲು ಕಲಿಯುವುದು ಇನ್ನೂ ಕಷ್ಟ.

ಬಳಿಕ ಕಂಪನ ಪರೀಕ್ಷೆ. ರಾಕೆಟ್ಟಿನ ಅಲುಗಾಟವನ್ನು ತಾಳಬಲ್ಲುದೇ ಎಂದರಿಯಲು ಯಂತ್ರವನ್ನು ನೆಲದ ಮೇಲೆಯೇ ಬಲವಾಗಿ ಅಲುಗಿಸಿ ನೋಡುವರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಬೆಸುಗೆಯೊಂದು ಬಿಟ್ಟರೆ ಹೋಗುವುದು ಎರಡು ಅಂಕ. ಇಲ್ಲಿ ಹೋಗುವುದು ಗೆಳೆಯರೆಲ್ಲರ ಹಲವು ವರ್ಷಗಳ ದುಡಿಮೆ. ಮೇಲೆ ಹೋಗಿ ಸರಿಪಡಿಸಿ ಬರುವ ಮಿಸ್ತ್ರಿ ಯಾರೂ ಇಲ್ಲ. ಪರೀಕ್ಷೆಯ ಹಾಳೆಗೆ ಸಹಿ ಹಾಕಬೇಕಾದ ವಿದ್ಯಾರ್ಥಿಯು ಇನ್ನೊಮ್ಮೆ ಭೂತಗನ್ನಡಿ ಹಿಡಿದು ಬೆಸುಗೆಗಳನ್ನು ನೋಡಲು ಹೊರಡುವನು. ಯಾರೂ ಹೇಳದೆ ಹೀಗೆ ಎದ್ದುಹೋದ ದಿನವೇ ಅವನು ಎಂಜಿನಿಯರಾದನೆಂದು ನಾನು ಎಣಿಸುವೆನು. ಪದವಿಪತ್ರ ಕೈಸೇರುವುದು ಆಮೇಲಿನ ಮಾತು.

ಡೆನ್ಮಾರ್ಕಿನ ಆಲ್‌ಬೋರ್ ವಿಶ್ವವಿದ್ಯಾಲಯವು 1974ರಲ್ಲಿ ಆರಂಭವಾದಂದಿನಿಂದಲೂ, ವಿದ್ಯಾರ್ಥಿಗಳು ಗುಂಪಾಗಿ ಕೈಗೊಳ್ಳುವ ಯೋಜನೆಗಳನ್ನೇ ಶಿಕ್ಷಣದ ಬೆನ್ನೆಲುಬಾಗಿ ಇರಿಸಿಕೊಂಡಿದೆ. ನಮ್ಮಲ್ಲಿ ಯೋಜನೆಯು ಬಹುಮಟ್ಟಿಗೆ ಕೊನೆಯ ವರ್ಷಕ್ಕೆ ಮೀಸಲು. ಅದನ್ನೂ ವರದಿಸಮೇತ ಸಿದ್ಧಪಡಿಸಿ ಮಾರುವ ಅಂಗಡಿಗಳು ನಗರಗಳಲ್ಲಿ ಉಂಟು. ಕೊಂಡು ತಂದ ಯಂತ್ರವು ಪರೀಕ್ಷಕರ ಮುಂದೆ ಚೆನ್ನಾಗಿಯೇ ಓಡುವುದು. ಅದು ನಿಂತುಹೋದರೆ ಏಕೆಂದು ಹೇಳಬಲ್ಲವರು ಮಾತ್ರ ಆ ಕೋಣೆಯಲ್ಲಿ ಇರುವುದಿಲ್ಲ.

ಸ್ಟಡ್‌ಸ್ಯಾಟಿನ ದನಿಗೆ ಕಿವಿಗೊಡಲು ಬೆಂಗಳೂರಿನ ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆಯಲ್ಲಿ ಭೂಕೇಂದ್ರವೊಂದನ್ನು ಸಜ್ಜುಗೊಳಿಸಿದ್ದರು. ಇಂಥ ಉಪಗ್ರಹವು ಒಂದು ಊರಿನ ದಿಗಂತದ ಮೇಲೆ ಇರುವುದು ಒಮ್ಮೆಗೆ ಕಾಲು ಗಂಟೆಗೂ ಕಡಮೆ. ಉಡಾವಣೆಯಾದ ದಿನವೇ ಅದರ ಸಂಕೇತವು ಅಲ್ಲಿ ಕೇಳಿಬಂದಿತು.