ನೋಡಲು ಕಲಿಸಿದ ಶಿಶುವಿಹಾರ

ಮಗುವನ್ನು ನೋಡಿಕೊಳ್ಳುವುದು ಯಾರಿಗೆ ಬರುವುದಿಲ್ಲ ಎನ್ನುತ್ತೇವೆ. ಆದರೆ ‘ನೋಡಿಕೊಳ್ಳುವ’ ಮೊದಲು ‘ನೋಡಲು’ ಬರಬೇಕು. ಇದನ್ನು ಪಾಠವಾಗಿಯೇ ಕಲಿಸಿದ ಮನೆಯೊಂದು ಯುದ್ಧಕಾಲದ ಲಂಡನ್ನಿನಲ್ಲಿತ್ತು.

1940ರ ಸೆಪ್ಟೆಂಬರ್ 7ರಿಂದ ಆ ಊರಿನ ಮೇಲೆ ಬಾಂಬುಗಳು ಸುರಿದವು. ಮಕ್ಕಳು ಸುರಂಗ ರೈಲು ನಿಲ್ದಾಣಗಳಲ್ಲಿ ಇರುಳು ಕಳೆದರು. ಅಪ್ಪಂದಿರು ರಣರಂಗಕ್ಕೆ ಹೋದರೆ ಅನೇಕ ಅಮ್ಮಂದಿರು ಕಾರ್ಖಾನೆಗೆ ಹೊರಟರು. ಅವರ ಮಕ್ಕಳಿಗಾಗಿ ಸರ್ಕಾರ ಹಗಲು ಶಿಶುವಿಹಾರಗಳನ್ನು ತೆರೆಯಿತು. 1944ರ ಹೊತ್ತಿಗೆ ಬ್ರಿಟನ್ನಿನಲ್ಲಿ ಅವು ಸುಮಾರು 1,500 ಇದ್ದವು. ಕಟ್ಟಡ, ಹಾಲು, ತೊಟ್ಟಿಲು ಹೇಗೋ ಒದಗಿದವು. ಮಗುವಿನ ಮನಸ್ಸು ಬಲ್ಲ ಕೈಗಳು ಅಷ್ಟು ಬೇಗ ಒದಗುವುದುಂಟೆ?

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಒಬ್ಬರು ಅನ್ನಾ ಫ್ರಾಯ್ಡ್. ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್ ಅವರ ಮಗಳು, ಹಿಂದೆ ಶಾಲಾ ಶಿಕ್ಷಕಿ. 1937ರಲ್ಲಿ ವಿಯೆನ್ನಾದ ಕಡುಬಡವರ ಕೂಸುಗಳಿಗೆ ಶಿಶುವಿಹಾರ ತೆರೆದಿದ್ದರು. ಮರುವರ್ಷ ನಾಜಿಗಳು ಬಂದರು. ಶಿಶುವಿಹಾರ ಮುಚ್ಚಿತು, ಅನ್ನಾ ತಂದೆಯೊಡನೆ ಲಂಡನ್ ಸೇರಿದರು. ಆ ಶಿಶುವಿಹಾರದ ಪುಟ್ಟ ಮೇಜು ಕುರ್ಚಿಗಳೂ ಅವರ ಹಿಂದೆಯೇ ಬಂದವು. 1941ರಲ್ಲಿ ಗೆಳತಿ ಡೊರೊಥಿ ಬರ್ಲಿಂಗ್‌ಹ್ಯಾಮ್ ಜೊತೆಗೂಡಿ, ಅಮೆರಿಕದ ದಾನಿಗಳ ಹಣದಿಂದ ಅವರು ಹ್ಯಾಂಪ್‌ಸ್ಟೆಡ್ ಯುದ್ಧ ಶಿಶುವಿಹಾರ ಆರಂಭಿಸಿದರು. ಇಲ್ಲಿ ಬಹುಪಾಲು ಮಕ್ಕಳು ಇರುಳೂ ಉಳಿಯುತ್ತಿದ್ದರು.

ಚೀಟಿಗಳೇ ಪಾಠ

ಕೆಲಸಕ್ಕೆ ಬಂದವರಲ್ಲಿ ಹಲವರು ಎಳೆಯ ಹುಡುಗಿಯರು, ತಾವೇ ನಿರಾಶ್ರಿತರು. ಮಗುವಿಗೆ ಉಣಿಸುವುದು, ಮೀಯಿಸುವುದು, ಮಲಗಿಸುವುದು. ಜೊತೆಜೊತೆಗೇ ಪಾಠ, ಚರ್ಚೆ. ಕಂಡದ್ದನ್ನು ಕಂಡಂತೆ ಚೀಟಿಯಲ್ಲಿ ಬರೆಯಬೇಕು: ಯಾರು ಉಣ್ಣಲಿಲ್ಲ, ಯಾರು ಬಾಗಿಲ ಕಡೆಗೇ ನೋಡುತ್ತಿದ್ದರು, ಯಾರು ಅಮ್ಮನ ಹೆಸರೆತ್ತುವುದನ್ನೇ ಬಿಟ್ಟರು.

ಹೀಗೆ ಕೂಡಿಬಂದ ಚೀಟಿಗಳು ದೊಡ್ಡ ಸತ್ಯವನ್ನು ಹೇಳಿದವು. ಮಗುವನ್ನು ಬಾಂಬಿನ ಸದ್ದಿಗಿಂತ ಹೆಚ್ಚು ಕಂಗೆಡಿಸುತ್ತಿದ್ದದ್ದು ತಾಯಿಯ ಅಗಲಿಕೆ. ಆದ್ದರಿಂದ ಅಲ್ಲಿ ಅಮ್ಮಂದಿರಿಗೆ ಭೇಟಿಯ ಹೊತ್ತುಗೊತ್ತಿನ ಕಟ್ಟಳೆ ಇರಲಿಲ್ಲ.

ಇನ್ನೊಂದನ್ನೂ ಗಮನಿಸಿದರು. ಗುಂಪಿನಲ್ಲಿ ಬೆಳೆದ ಕೂಸುಗಳಿಗೆ ಮಾತು ತಡವಾಗುತ್ತಿತ್ತು. ಹಾಗಾಗಿ ಮಕ್ಕಳನ್ನು ಸಣ್ಣ ಸಣ್ಣ ‘ಕುಟುಂಬ’ಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ‘ಅಮ್ಮ’ನನ್ನು ಗೊತ್ತುಮಾಡಿದರು. ಮೊದಲು ಎದ್ದದ್ದು ಅಳು, ಹಟ, ಮತ್ಸರ. ಅದು ಸೋಲಲ್ಲ, ನಂಟು ಬೆಸೆದ ಗುರುತು ಎಂದು ಓದಲು ಆ ಹುಡುಗಿಯರು ಕಲಿತರು. ಸ್ವಲ್ಪ ದಿನದಲ್ಲಿ ಅಳು ಇಳಿಯಿತು, ಮಾತು ಚಿಗುರಿತು. ತರಬೇತಿ ಇಲ್ಲದ ಕಣ್ಣಿಗೆ ಅಳದ ಮಗುವೇ ಒಳ್ಳೆಯ ಮಗು. ಅಲ್ಲಿ ಪಳಗಿದ ಕಣ್ಣು ಅಂಥ ಮೌನಕ್ಕೇ ಹೆಚ್ಚು ಅಂಜುತ್ತಿತ್ತು.

ಬಾಯ್ಲರ್ ನೋಡಿಕೊಂಡವನು

ಚೀಟಿ ಬರೆಯುವ ಕೆಲಸ ಆರೈಕೆಯವರದಷ್ಟೇ ಆಗಿರಲಿಲ್ಲ. ಬಾಯ್ಲರ್ ನೋಡಿಕೊಳ್ಳಲು, ರಿಪೇರಿ ಮಾಡಲು ಬಂದ ಜೇಮ್ಸ್ ರಾಬರ್ಟ್‌ಸನ್ ಕೂಡ ಬರೆದರು, ಕಲಿತರು. ಶಿಶುವಿಹಾರ 1945ರಲ್ಲಿ ಮುಚ್ಚಿತು. ರಾಬರ್ಟ್‌ಸನ್ ತಾವು ಕಲಿತ ನೋಟವನ್ನು ಆಸ್ಪತ್ರೆಗಳಿಗೆ ಒಯ್ದರು. ತಾಯಿಯನ್ನು ಬಿಟ್ಟು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಕುರಿತು 1952ರಲ್ಲಿ ಅವರು ಮಾಡಿದ ಸಾಕ್ಷ್ಯಚಿತ್ರ ವೈದ್ಯರನ್ನು ಕಲಕಿತು. 1959ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದು ಮಕ್ಕಳ ವಾರ್ಡಿನ ಬಾಗಿಲು ತಂದೆತಾಯಿಗೆ ಸದಾ ತೆರೆದಿರಲಿ ಎಂದಿತು.

ಕಾಯಿಲೆಯ ಮಗುವಿನ ಹಾಸಿಗೆಯ ಪಕ್ಕ ತಾಯಿ ಕೂತಿರುವುದು ಇಂದು ಸಹಜವೆನಿಸುತ್ತದೆ. ಆ ಕುರ್ಚಿಗೆ ಜಾಗ ಮಾಡಿಸಿದ್ದರಲ್ಲಿ ಹ್ಯಾಂಪ್‌ಸ್ಟೆಡ್‌ನ ಚೀಟಿಗಳಿಗೂ ಪಾಲಿದೆ.